ಅದು ಹಿಂದೆ ಬಂತು ಅಂದೆಯಲ್ಲ

ಕೂಸೇ,

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಸಾಲು ಎರಡು ರಾತ್ರಿಯಿಂದ ನನಗೆ ನಿದ್ದೆ ಕೊಟ್ಟಿಲ್ಲ. ಕಡಲ ದಂಡೆಯಲ್ಲಿ ನೀಲಿ ಬೆಳಕು ನಿನ್ನ ಹಿಂದೆಯೇ ಬಂತು, ಅದು ಕೊಳ್ಳಿ ದೆವ್ವ ಅಂತ ಓನರಮ್ಮ ಹೇಳಿದರು ಅಂತ ಬರೆದಿದ್ದೀಯಲ್ಲ, ಅದು.

ನೀಲಿ ಅಂದದ್ದಕ್ಕೇ ನನಗೆ ಅರ್ಧ ಸಮಾಧಾನ. ನಮ್ಮ ಕೊಳ್ಳಿ ದೆವ್ವ ಕೆಂಪು. ಉರಿಯುವ ಕೊಳ್ಳಿ ಹಿಡಿದು ಹೊಳೆ ಕಡಲು ಸೇರುವ ಅಳಿವೆ ಹತ್ತಿರ ಓಡಾಡುತ್ತದೆ, ಇಲ್ಲಿ ಆರಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಕೂಗಿದರೆ ನಮ್ಮ ಕಡೆಗೇ ಬರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ನೀನು ಕಂಡದ್ದು ನೀರಿನ ಹುಳ. ಹುಳ ಅಂದರೂ ತಪ್ಪೇ, ಒಂದೇ ಜೀವಕೋಶದ್ದು, ನಾಕ್ಟಿಲ್ಯೂಕಾ ಅಂತ ಹೆಸರು. ಅಲುಗಿದರೆ ಹೊಳೆಯುತ್ತದೆ. 2020ರ ಕೊನೆಗೆ ಉಡುಪಿ ಕಡೆ ಕಡಲು ಹೀಗೇ ಹೊಳೆದಾಗ ಜನ ಕಾರು ಮಾಡಿಕೊಂಡು ನೋಡಲು ಹೋಗಿದ್ದರು. ಅದು ನಿನ್ನ ಹಿಂದೆ ಬರಲಿಲ್ಲ. ನೀನು ಒದ್ದೆ ಮರಳಿನಲ್ಲಿ ಕಾಲಿಟ್ಟಲ್ಲೆಲ್ಲ ಹೊತ್ತಿಕೊಂಡಿತು, ಅಷ್ಟೇ. ನಿಂತು ನೋಡು, ಅದೂ ನಿಲ್ಲುತ್ತದೆ.

ಇಷ್ಟು ಬರೆದೆ, ಆದರೂ 'ಹಿಂದೆ ಬಂತು' ಅನ್ನೋ ಮಾತು ನನ್ನನ್ನು ಬಿಡುತ್ತಿಲ್ಲ ನೋಡು.

ನನಗಾಗ 11 ವರ್ಷ. ಚಿಕ್ಕಜ್ಜ ಸೂಡಿ ಹಿಡಿದು ಗಜನಿಗೆ, ಅದೇ ಉಪ್ಪುನೀರು ನುಗ್ಗುವ ಗದ್ದೆಗೆ, ಏಡಿ ಹಿಡಿಯಲು ಹೋಗಿದ್ದರು, ಅದು ನನಗೆ ಗೊತ್ತಿರಲಿಲ್ಲ. ಅಘನಾಶಿನಿ ಹೊಳೆಯಲ್ಲಿ ಭರತ, ಅಂದರೆ ಉಬ್ಬರದ ನೀರು, ಏರುತ್ತಿತ್ತು. ಕಿಟಕಿಯಿಂದ ನೋಡಿದರೆ ಕಟ್ಟೆಯ ಮೇಲೆ ಕೆಂಪು ಬೆಳಕು. ಸೂಡಿ ಗೊತ್ತಲ್ವಾ, ಒಣ ತೆಂಗಿನ ಗರಿಯದ್ದು, ಬೀಸಿದರೆ ಭಗ್ ಅಂತ ಉರಿಯುತ್ತದೆ, ಬೀಸೋದು ನಿಲ್ಲಿಸಿದರೆ ಬರೀ ಕೆಂಡ. ಆರುತ್ತಿತ್ತು, ಹೊತ್ತುತ್ತಿತ್ತು, ಅಜ್ಜಿ ಹೇಳಿದ ಹಾಗೇ. ನಾನು ಬಾಗಿಲಿಗೆ ಅಗುಳಿ ಹಾಕಿದೆ. ತಮ್ಮ ಕೂಗುತ್ತಾನೆ ಅಂತ ಅವನ ಬಾಯಿಗೂ ಕೈ ಒತ್ತಿ ಹಿಡಿದೆ. ಸುತ್ತ ನೀರು ತುಂಬಿ ಆ ಮನುಷ್ಯ ಕಟ್ಟೆಯ ಮೇಲೆ ಒಬ್ಬರೇ ನಿಂತು ಸೂಡಿ ಬೀಸಿ ನಮ್ಮನ್ನೇ ಕರೆಯುತ್ತಿದ್ದರು. ಬೆಳಗ್ಗೆ ನೀರಿಳಿದ ಮೇಲೆ ಬಂದರು, ಬಳಚಿನ ಚಿಪ್ಪಿಗೆ ಅಂಗಾಲು ಸೀಳಿತ್ತು. ಅವರು ಕುಂಟುತ್ತಿದ್ದದ್ದು ಅದರಿಂದಲೇ. ಅವತ್ತು ಯಾರಿಗೂ ಎಚ್ಚರ ಆಗಲಿಲ್ವಾ ಅಂತ ಒಂದೇ ಒಂದು ಸಲ ಕೇಳಿದ್ದರು. ಇಲ್ಲ ಅಂದೆ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿದೆ. ಬ್ಯಾಟರಿಗೆ ಹೊಸ ಸೆಲ್ ಹಾಕಿಟ್ಟುಕೋ. ಇಳಿತದ ಹೊತ್ತಲ್ಲಿ ಅಳಿವೆ ಬಾಯಿಗೆ ಹೋಗಬೇಡ, ನೀರು ಎಳೆಯುತ್ತದೆ, ನನಗೆ ದೆವ್ವಕ್ಕಿಂತ ಅದರ ಹೆದರಿಕೆಯೇ ಜಾಸ್ತಿ. ಬೆಳಕು ಮತ್ತೆ ಹಿಂದೆ ಬಂದ ಹಾಗಾದರೆ ಓಡಬೇಡ, ತಿರುಗಿ ನಿನ್ನ ಹೆಜ್ಜೆ ನೋಡಿಕೋ. ಕೆಂಪು ಕಂಡರೆ ಮಾತ್ರ, ಯಾರು ಏನೇ ಹೇಳಲಿ, ಒಂದು ಕೂಗು ಹಾಕು. ಓನರಮ್ಮನ ಹತ್ತಿರ ಸುಮ್ನೆ ವಾದಕ್ಕೆ ಇಳಿಯಬೇಡ. ಅವರೂ ಯಾವತ್ತೋ ಅಗುಳಿ ಹಾಕಿಕೊಂಡು ಕೂತಿದ್ದಿರಬಹುದು.

ನಿನ್ನ ದೊಡ್ಡಮ್ಮ