ಟಾಹೋ ದಡಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಜುಲೈನಲ್ಲಿ ಅವರನ್ನೂ ಮಕ್ಕಳಿಬ್ಬರನ್ನೂ ನಿನ್ನ ನಾಯಿ ಭೀಮನನ್ನೂ ಕೂರಿಸಿಕೊಂಡು, ಮಲಗಲು ಅಡುಗೆ ಮಾಡಲು ಒಳಗೇ ಜಾಗವಿರುವ ಬಾಡಿಗೆಯ ಆರ್‌ವಿ ಗಾಡಿಯಲ್ಲಿ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಟಾಹೋ ಸರೋವರಕ್ಕೆ ಹೋಗಬೇಕೆಂದಿದ್ದೇನೆ ಎಂದು ಬರೆದಿದ್ದೀಯ. ಸ್ಯಾಕ್ರಮೆಂಟೊದಲ್ಲಿರುವ ನಮಗೆ ಅದು ನೂರು ಮೈಲಿಯ ದಾರಿ, ಮೂರು ಬೇಸಿಗೆ ಹೋಗಿ ಬಂದಿದ್ದೇವೆ. ನಿನಗೆ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ: ಕ್ಯಾಂಪಿನ ಜಾಗವನ್ನು ನೀರಿನ ಫೋಟೊ ನೋಡಿ ಆರಿಸಬೇಡ, ಭೀಮನನ್ನೂ ನಿನ್ನ ತಾಯಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಆರಿಸು.

ಮೊದಲ ಸಲ ನಾವು ಫೋಟೊ ನೋಡಿಯೇ ಮೋಸಹೋದೆವು. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಲ್ಲಿ ನಾಯಿಯನ್ನು ಕ್ಯಾಂಪ್‌ಗ್ರೌಂಡಿನೊಳಗೆ ಬಿಟ್ಟುಕೊಳ್ಳುತ್ತಾರೆ, ಆದರೆ 6 ಅಡಿಗಿಂತ ಉದ್ದದ ಹಗ್ಗ ಇರಕೂಡದು, ರಾತ್ರಿ ಅದು ಡೇರೆಯಲ್ಲೋ ಗಾಡಿಯಲ್ಲೋ ನಮ್ಮ ಜೊತೆಯೇ ಮಲಗಬೇಕು, ಮರಳದಂಡೆಗೂ ಬಹುತೇಕ ಕಾಲುದಾರಿಗಳಿಗೂ ಅದಕ್ಕೆ ಪ್ರವೇಶವಿಲ್ಲ. ಹೀಗಾಗಿ ನಮ್ಮ ನಾಯಿ ಚಿನ್ನಿಗೆ ಮೂರು ದಿನವೂ ಪೈನ್ ಮರಗಳ ಸಂದಿಯಲ್ಲಿ ನೀರು ಕಾಣುತ್ತಿತ್ತೇ ಹೊರತು ಸಿಗಲಿಲ್ಲ. ನಾವು ಗಂಡ ಹೆಂಡತಿ ಪಾಳಿಯ ಮೇಲೆ ಮಕ್ಕಳನ್ನು ಈಜಿಸುವುದು, ನಾಯಿಯನ್ನು ಕಾಯುವುದು ಮಾಡಿದೆವು. ಎರಡನೆಯ ವರ್ಷ ದಕ್ಷಿಣ ದಡದಲ್ಲಿ ಅಮೆರಿಕದ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್‌ನವರ ಫಾಲನ್ ಲೀಫ್ ಕ್ಯಾಂಪ್‌ಗ್ರೌಂಡಿನಲ್ಲಿ ಇಳಿದುಕೊಂಡೆವು. ಅಲ್ಲಿಂದ ಕೀವಾ ಬೀಚ್ ಹತ್ತಿರ, ಮತ್ತು ಅಲ್ಲಿ ಹಗ್ಗ ಹಾಕಿದ ನಾಯಿಯನ್ನು ನೀರಿಗೆ ಇಳಿಸಬಹುದು. ಚಿನ್ನಿ ಮುಂಗಾಲುಗಳನ್ನು ನೀರಿಗಿಟ್ಟು, ಬೆಚ್ಚಿ ಹಿಂದೆ ಸರಿದು, ಮತ್ತೆ ಮೂಗು ಅದ್ದಿ ನೋಡಿ, ಕೊನೆಗೆ ಹೊಟ್ಟೆ ಮುಳುಗುವವರೆಗೆ ನಡೆದು ನಿಂತುಬಿಟ್ಟಿತು. ಜುಲೈ ಕೊನೆಯಲ್ಲಿ ಕೂಡ ಮೇಲ್ಪದರದ ನೀರು ಹೆಚ್ಚೆಂದರೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೆರೆಯಲ್ಲಿ ಬಿದ್ದು ಬೆಳೆದ ನಿನಗೆ ಮೊದಲ ಮುಳುಗಿಗೆ ಉಸಿರು ಕಟ್ಟುತ್ತದೆ.

ಆ ತಣ್ಣೀರಿಗೆ ಕಾರಣ ಅದರ ಎತ್ತರ ಮತ್ತು ಆಳ. ನೀರಿನ ಮಟ್ಟವೇ ಸಮುದ್ರಮಟ್ಟದಿಂದ ಸುಮಾರು 6,225 ಅಡಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ನೂರು ಅಡಿಯಷ್ಟು ಮಾತ್ರ ತಗ್ಗು. ಆ ಎತ್ತರದಲ್ಲಿ 22 ಮೈಲಿ ಉದ್ದ, 12 ಮೈಲಿ ಅಗಲ, 1,645 ಅಡಿ ಆಳದ ನೀರು ನಿಂತಿದೆ ಎಂಬುದನ್ನು ನಿನ್ನ ತಂದೆಗೆ ದಡದಲ್ಲಿ ನಿಲ್ಲಿಸಿಯೇ ಹೇಳು. ಆದರೆ ಮೊದಲ ದಿನ ಹಿರಿಯರಿಗೆ ತಲೆ ಭಾರವಾಗುವುದುಂಟು, ಬೇಗ ಏದುಸಿರು ಬರುವುದುಂಟು, ಆದ್ದರಿಂದ ಆ ದಿನ ತಿರುಗಾಟ ಇಟ್ಟುಕೊಳ್ಳಬೇಡ. ಅಡುಗೆಗೂ ಈ ಎತ್ತರ ತಗಲುತ್ತದೆ. ನೀರು 94 ಡಿಗ್ರಿಯ ಹತ್ತಿರವೇ ಕುದಿದುಬಿಡುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಕುಕ್ಕರ್ ಒಯ್ಯಲೇಬೇಕು. ರಾತ್ರಿ 5 ಡಿಗ್ರಿಗೆ ಇಳಿಯುವ ಜಾಗದಲ್ಲಿ ದೋಸೆಹಿಟ್ಟು ಹುಳಿಯುವುದಿಲ್ಲವೆಂದು ನನ್ನ ಹೆಂಡತಿ ಮನೆಯಲ್ಲೇ ಹುಳಿ ಬರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದಳು. 50ನೆಯ ಹೆದ್ದಾರಿಯಲ್ಲಿ 7,382 ಅಡಿಯ ಎಕೋ ಸಮ್ಮಿಟ್ ಏರುವಷ್ಟರಲ್ಲಿ ಹೊರಗಿನ ಒತ್ತಡ ಕಡಿಮೆಯಾಗಿ ಮುಚ್ಚಳ ಹಾರಿತು. ಕ್ಯಾಂಪಿನಲ್ಲಿ ಬಾಗಿಲು ತೆರೆದರೆ ಉಪ್ಪಿನಕಾಯಿ ಬಾಟಲಿಯಿಂದ ಹಿಡಿದು ಮೊಟ್ಟೆಯವರೆಗೆ ಎಲ್ಲಕ್ಕೂ ಹಿಟ್ಟಿನ ಅಭಿಷೇಕವಾಗಿತ್ತು. ಡಬ್ಬಿಯನ್ನು ಅರ್ಧ ಮಾತ್ರ ತುಂಬಿಸಿ, ಮುಚ್ಚಳ ಸಡಿಲವಾಗಿಡು.

ಇನ್ನು ಗಾಡಿಯ ವಿಷಯ. ಹುಕಪ್ ಎಂಬ ಮಾತನ್ನು ಬುಕಿಂಗ್ ಮಾಡುವ ಮುನ್ನವೇ ಅರ್ಥಮಾಡಿಕೊಂಡಿರು: ವಿದ್ಯುತ್ತು, ನೀರು, ಒಳಚರಂಡಿ, ಈ ಮೂರನ್ನೂ ಗಾಡಿಗೆ ಜೋಡಿಸಲು ಬಂದರೆ ಅದು ಫುಲ್ ಹುಕಪ್. ಫಾಲನ್ ಲೀಫ್‌ನಲ್ಲಿ ಅದೊಂದೂ ಇಲ್ಲ. ನಿನ್ನ ತಾಯಿಗೆ ರಾತ್ರಿಯಿಡೀ ಹೀಟರ್ ಬೇಕು, ಬಿಸಿನೀರು ಧಾರಾಳವಾಗಿರಬೇಕು ಎನ್ನುವುದಾದರೆ ನೆವಾಡಾ ಕಡೆಯ ಜೆಫಿರ್ ಕೋವ್‌ನಲ್ಲಿ ಫುಲ್ ಹುಕಪ್ ಜಾಗಗಳಿವೆ, ನಾಯಿಯನ್ನೂ ಒಪ್ಪುತ್ತಾರೆ. ಅಲ್ಲಿಂದ ಕೀವಾ ಬೀಚಿಗೆ ಹೋಗಲು ಮಾತ್ರ ಬೇರೆ ವಾಹನ ಬೇಕಾಗುತ್ತದೆ, ಆದ್ದರಿಂದ ನಿನ್ನ ಕಾರನ್ನು ಹೆಂಡತಿ ಹಿಂದೆ ಓಡಿಸಿಕೊಂಡು ಬರಲಿ. ಗಾಡಿಯ ಉದ್ದವನ್ನೂ ನೋಡಿಕೊ. ಪಶ್ಚಿಮ ದಡದ ಡಿ. ಎಲ್. ಬ್ಲಿಸ್ ಪಾರ್ಕಿನ ದಂಡೆ ಬಹಳ ಚೆಂದ, ಆದರೆ ಅಲ್ಲಿ 18 ಅಡಿಗಿಂತ ದೊಡ್ಡ ಆರ್‌ವಿಗೆ ಜಾಗವಿಲ್ಲ. ಎಮರಾಲ್ಡ್ ಬೇ ಮೇಲಿನ 89ನೆಯ ಹೆದ್ದಾರಿಯ ತಿರುವುಗಳು ಆಗುಂಬೆಯನ್ನು ನೆನಪಿಸುತ್ತವೆ, ದೊಡ್ಡ ಗಾಡಿ ಒಯ್ಯುವ ಹಟ ಬೇಡ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಬಾ, ಬ್ರೇಕನ್ನೇ ನಂಬಿಕೊಳ್ಳಬೇಡ.

ಫುಲ್ ಹುಕಪ್ ಸಿಕ್ಕಿದ ಮಾತ್ರಕ್ಕೆ ಮನೆಯಂತೆ ಇರಬಹುದೆಂದು ತಿಳಿದು ನಾನು ಎರಡು ತಪ್ಪು ಮಾಡಿದ್ದೇನೆ. ಶೌಚದ ತೊಟ್ಟಿಯ ವಾಲ್ವನ್ನು ಚರಂಡಿಗೆ ಜೋಡಿಸಿ ಮೂರು ದಿನ ತೆರೆದೇ ಇಟ್ಟೆ. ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಮಾತ್ರ ತಳದಲ್ಲಿ ಗುಡ್ಡೆಯಾಗಿ ಕೂತಿತು. ಅದನ್ನು ಕರಗಿಸಲು ನಾನು ಪಟ್ಟ ಪಾಡನ್ನು ಊಟದ ಹೊತ್ತಿಗೆ ಓದುತ್ತಿದ್ದೀಯೇನೋ ಎಂದು ಬಿಟ್ಟಿದ್ದೇನೆ. ವಾಲ್ವ್ ಮುಚ್ಚಿಟ್ಟು, ತೊಟ್ಟಿ ಮುಕ್ಕಾಲು ತುಂಬಿದ ಮೇಲೆ ಮೊದಲು ಶೌಚದ್ದನ್ನು ಬಿಡಬೇಕು, ಅನಂತರ ಪಾತ್ರೆ ತೊಳೆದ ನೀರಿನ ತೊಟ್ಟಿಯನ್ನು ಬಿಡಬೇಕು. ಆ ಸಾಬೂನಿನ ನೀರೇ ಕೊಳವೆಯನ್ನು ತೊಳೆಯುತ್ತದೆ. ಅಡುಗೆಕಟ್ಟೆಗೂ ಪಾಯಖಾನೆಗೂ ಒಂದೇ ಗೋಡೆ ಎಂಬುದನ್ನು ಮಡಿಯ ಅಭ್ಯಾಸವಿರುವ ನಿನ್ನ ತಾಯಿಗೆ ಮೊದಲೇ ಹೇಳಿರುವುದು ಒಳ್ಳೆಯದು. ನನ್ನ ತಾಯಿ ಮೊದಲ ದಿನ ಹೊರಗೇ ಅಡುಗೆ ಮಾಡಿದರು.

ಎರಡನೆಯದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು 3,600 ವಾಟ್ ಮಾತ್ರ. ಎಸಿ ಹಾಕಿ ಚಿನ್ನಿಯನ್ನು ಗಾಡಿಯೊಳಗೆ ಬಿಟ್ಟು ನಾವು ದಡಕ್ಕೆ ಹೋಗಿದ್ದೆವು. ಮಧ್ಯೆ ಹಿಂದಿರುಗಿದ ಮಗಳು ಮೈಕ್ರೋವೇವಿನಲ್ಲಿ ಏನನ್ನೋ ಬಿಸಿಗಿಟ್ಟು, ಕಷಾಯಕ್ಕೆಂದು ವಿದ್ಯುತ್ ಕೆಟಲನ್ನೂ ಹಚ್ಚಿದಳು. ಮೂರೂ ಸೇರಿ ಮಿತಿ ದಾಟಿ ಬ್ರೇಕರ್ ಬಿದ್ದಿತು. ಬಿಸಿಯಾಗಲಿಲ್ಲವಲ್ಲ ಎಂದುಕೊಂಡು ಅವಳು ಬಾಗಿಲೆಳೆದು ಹಿಂದಿರುಗಿ ಬಂದಳು. ಅರ್ಧ ಗಂಟೆಯ ಮೇಲೆ ನಾನು ಹೋಗಿ ನೋಡಿದರೆ ಚಿನ್ನಿ ಸ್ನಾನದ ಮೂಲೆಯ ತಣ್ಣನೆ ನೆಲಕ್ಕೆ ಹೊಟ್ಟೆ ಒತ್ತಿ, ನಾಲಗೆ ಪೂರ್ತಿ ಹೊರಚಾಚಿ ಏದುಸಿರು ಬಿಡುತ್ತಿತ್ತು. ಹೊರಗೆ 26 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಗಾಡಿ ಒಲೆಯಾಗುತ್ತದೆ. ಒದ್ದೆ ಬಟ್ಟೆ ಸುತ್ತಿ, ನೆರಳಿಗೆ ಒಯ್ದ ಮೇಲೆ ಚೇತರಿಸಿಕೊಂಡಿತು. ಮಗಳನ್ನು ಬೈಯಲಿಲ್ಲ, ನಾಯಿಯ ಪ್ರಾಣವನ್ನು ಬ್ರೇಕರಿನ ಕೈಗೆ ಕೊಟ್ಟವನು ನಾನು. ಈಗ ನಾವು ಅದನ್ನು ಒಳಗೆ ಒಂಟಿಯಾಗಿ ಬಿಡುವುದೇ ಇಲ್ಲ.

ಕರಡಿಗೆ ನೀನು ಹೆದರಬೇಕಾಗಿಲ್ಲ, ಆದರೆ ಉದಾಸೀನ ಮಾಡಬೇಡ. ನಮ್ಮ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಯನ್ನು ಕರೆಯುತ್ತಾರೆ. ಇಲ್ಲಿ ಅದಕ್ಕೆ ಪಾಕದ ವಾಸನೆಯೂ ಸಿಗದಂತೆ ನೋಡಿಕೊಳ್ಳುವುದು ಕಾನೂನು. ಪ್ರತಿ ಜಾಗದಲ್ಲಿರುವ ಉಕ್ಕಿನ ಬೇರ್ ಬಾಕ್ಸಿನೊಳಗೆ ತಿಂಡಿಯಷ್ಟೇ ಅಲ್ಲ, ಟೂತ್‌ಪೇಸ್ಟು, ಸನ್‌ಸ್ಕ್ರೀನು, ಭೀಮನ ಊಟದ ಚೀಲ, ಅವನು ನೆಕ್ಕಿಟ್ಟ ತಟ್ಟೆಯೂ ಹೋಗಬೇಕು. ಇಲ್ಲಿನ ಕಪ್ಪು ಕರಡಿಗಳು ಕಾರಿನ ಬಾಗಿಲ ಹಿಡಿಕೆಯನ್ನು ಎಳೆದು ತೆರೆಯಲು ಕಲಿತಿವೆ. ಭೀಮ ಬೊಗಳಿ ಓಡಿಸುತ್ತಾನೆ ಎಂಬ ಭರವಸೆಯಲ್ಲಿ ಅವನನ್ನು ಹೊರಗೆ ಕಟ್ಟಿ ಮಲಗಬೇಡ.

ಬೆಂಕಿ ಹಾಕುವ ಆಸೆ ಮಕ್ಕಳಿಗಿರುತ್ತದೆ. ಒಣಹವೆಯಲ್ಲಿ ನಿಷೇಧವಿದ್ದರೆ ವಾದ ಮಾಡದೆ ಒಪ್ಪಿಕೊ: 2007ರ ಜೂನ್‌ನಲ್ಲಿ ಇದೇ ದಕ್ಷಿಣ ದಡದ ಕಾಡಿನಲ್ಲಿ ಯಾರೋ ಅಕ್ರಮವಾಗಿ ಹಾಕಿದ ಕ್ಯಾಂಪ್ ಬೆಂಕಿಯಿಂದ ಹೊತ್ತಿದ ಅಂಗೋರಾ ಕಾಳ್ಗಿಚ್ಚು 3,000 ಎಕರೆಗೂ ಹೆಚ್ಚು ಸುಟ್ಟು, 200ಕ್ಕೂ ಮಿಕ್ಕಿ ಮನೆಗಳನ್ನು ಬೂದಿ ಮಾಡಿತು. ಕಟ್ಟಿಗೆಯನ್ನು ನಿಮ್ಮ ಸ್ಯಾನ್ ಹೋಸೆಯಿಂದ ಒಯ್ಯಬೇಡ, ಅದರೊಳಗಿನ ಹುಳು ಅಲ್ಲಿನ ಮರಗಳಿಗೆ ಹತ್ತುತ್ತದೆ, ಅಲ್ಲೇ ಕೊಂಡುಕೊ.

ಭೀಮನ ರೇಬೀಸ್ ಲಸಿಕೆಯ ಚೀಟಿಯ ಪ್ರತಿ ಗಾಡಿಯಲ್ಲಿರಲಿ. ಫಾಲನ್ ಲೀಫ್‌ನ ಜಾಗಗಳು ಆರು ತಿಂಗಳು ಮುಂಚೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 7ಕ್ಕೆ ತೆರೆಯುತ್ತವೆ, ಕೆಲವೇ ನಿಮಿಷಗಳಲ್ಲಿ ಜುಲೈ ವಾರಾಂತ್ಯಗಳು ಮುಗಿದುಹೋಗುತ್ತವೆ. ಅಂದರೆ ನೀನು ಎದ್ದು ಕೂರಬೇಕಾದದ್ದು ಜನವರಿಯಲ್ಲಿ, ಕಾಫಿಗೆ ಮುಂಚೆ. ಸೋಮವಾರದಿಂದ ಗುರುವಾರದವರೆಗೆ ನೋಡು, ಸಿಕ್ಕರೆ ಪಕ್ಕದ ಜಾಗವನ್ನು ನನಗೂ ಹಿಡಿದಿಡು. ಹಿಟ್ಟು ನಾವು ತರುತ್ತೇವೆ, ಈ ಸಲ ಸಡಿಲ ಮುಚ್ಚಳದಲ್ಲಿ.

ನಿನ್ನ ಗೆಳೆಯ