ಎಂಎಲ್‌ಟಿ ಸೇರುವ ಮೊದಲು

ಪ್ರೀತಿಯ ಪುಟ್ಟಿ,

ಮೊನ್ನೆ ನಿನ್ನಪ್ಪ ಫೋನ್ ಮಾಡಿದ್ದ. ನೀಟ್ ರ‍್ಯಾಂಕಿಗೆ ಎಂಬಿಬಿಎಸ್ ಸೀಟು ಸಿಗುವ ಹಾಗೆ ಕಾಣುತ್ತಿಲ್ಲ, ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಡಿಗ್ರಿ, ಅಂದರೆ ಬಿಎಸ್ಸಿ ಎಂಎಲ್‌ಟಿಗಾದರೂ ಸೇರಿಸೋಣ ಅಂದ. ಆ ‘ಆದರೂ’ ನನಗೆ ಚುಚ್ಚಿತು. 31 ವರ್ಷ ಲ್ಯಾಬಿನಲ್ಲಿ ನಿಂತು ಕೆಲಸ ಮಾಡಿದವಳು ನಾನು. ಫೋನಿನಲ್ಲಿ ಅವನಿಗೆ ಏನೂ ಹೇಳಲಿಲ್ಲ. ನಿನಗೇ ಬರೆಯೋಣ ಅನ್ನಿಸಿತು.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಆಗ ನಾನಿನ್ನೂ ಟ್ರೈನಿ. ಈಗಿನ ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು ನಮಗಿರಲಿಲ್ಲ. ಖಾಲಿ ಪೆನಿಸಿಲಿನ್ ಬಾಟಲಿ ತೊಳೆದು, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಹಾಕಿ ಒಣಗಿಸಿ ಇಟ್ಟುಕೊಳ್ಳುತ್ತಿದ್ದೆವು. ಒಂದು ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬ ಅಜ್ಜನ ರಕ್ತ ತೆಗೆದೆ. ಇಡಿಟಿಎ ಬಾಟಲಿಗೆ ಜಾಸ್ತಿ ಬಿತ್ತು, ಏನೂ ಹಾಕದ ಪ್ಲೇನ್ ಟ್ಯೂಬಿಗೆ ಕಮ್ಮಿಯಾಯಿತು. ಪಾಪ, ಮತ್ತೆ ಚುಚ್ಚುವುದು ಬೇಡ ಅಂತ ಬಾಟಲಿಯಿಂದ ಒಂದಿಷ್ಟು ಟ್ಯೂಬಿಗೆ ಸುರಿದೆ. ಫ್ಲೇಮ್ ಫೋಟೋಮೀಟರಿನಲ್ಲಿ ಪೊಟ್ಯಾಸಿಯಂ 8.4 ಬಂತು. ಬರೆದು ಕಳಿಸಿಬಿಟ್ಟೆ.

ಪೊಟ್ಯಾಸಿಯಂ ಐದು ದಾಟಿದರೇ ಡಾಕ್ಟರು ಎಚ್ಚರವಾಗುತ್ತಾರೆ. ಎಂಟು ಅಂದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಅಜ್ಜನ ಹಾಸಿಗೆ ಸುತ್ತ ಜನ ಸೇರಿದರು, ಪೊಟ್ಯಾಸಿಯಂ ಇಳಿಸುವ ಇಂಜೆಕ್ಷನ್ ತಯಾರಾಯಿತು, ಇಸಿಜಿ ತೆಗೆದರು. ಇಸಿಜಿ ಸರಿಯಾಗಿಯೇ ಇತ್ತು! ಅಷ್ಟರಲ್ಲಿ ನಮ್ಮ ಸೀನಿಯರ್ ರಿಜಿಸ್ಟರ್ ಎಳೆದುಕೊಂಡು ಕೇಳಿದ್ದು ಒಂದೇ ಮಾತು: ‘ಇವರ ಕ್ಯಾಲ್ಸಿಯಂ ಎಷ್ಟು ಬಂದಿದೆ ನೋಡಿದ್ಯಾ?’ ಐದಕ್ಕೂ ಕೆಳಗಿತ್ತು. ಅಷ್ಟು ಕಮ್ಮಿ ಇದ್ದವರು ಎದ್ದು ಕೂತು ಕಾಫಿ ಕೇಳುವುದಿಲ್ಲ. ಅಜ್ಜ ಕೇಳುತ್ತಿದ್ದರು.

ಇಡಿಟಿಎ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವುದು ಕ್ಯಾಲ್ಸಿಯಂ ಹಿಡಿದುಕೊಂಡು. ನಾವು ಬಳಸುತ್ತಿದ್ದ ಇಡಿಟಿಎ ಪೊಟ್ಯಾಸಿಯಂ ಉಪ್ಪು. ಈಗಿನ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವುದೂ ಅದೇ. ಅಂದರೆ ಆ 8.4 ಅಜ್ಜನದಲ್ಲ, ನನ್ನ ಬಾಟಲಿಯದು. ಮತ್ತೆ ತೆಗೆದ ಸ್ಯಾಂಪಲ್‌ನಲ್ಲಿ 4.3 ಬಂತು. ಯಂತ್ರದ್ದು ಏನೂ ತಪ್ಪಿರಲಿಲ್ಲ, ಕೊಟ್ಟದ್ದನ್ನು ಸರಿಯಾಗಿಯೇ ಅಳೆದಿತ್ತು. ಇನ್ನೊಂದು ಚುಚ್ಚು ಉಳಿಸಲು ಹೋಗಿ ಆ ಅಜ್ಜನನ್ನು ಎಲ್ಲಿಗೆ ತಳ್ಳುತ್ತಿದ್ದೆ ಅಂತ ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬಂದ ನಂಬರನ್ನು ಅನುಮಾನಿಸುವುದೇ ಈ ಓದಿನ ಜೀವಾಳ. ಅದು ಪುಸ್ತಕದಿಂದ ಬರುವುದಿಲ್ಲ. ಸಾವಿರಾರು ಸ್ಯಾಂಪಲ್ ಕೈಯಲ್ಲಿ ಹಾದುಹೋದ ಮೇಲೆ ಬರುತ್ತದೆ. ಹಾಗಾಗಿ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ, ಅದಕ್ಕೆ ಸೇರಿದ ಆಸ್ಪತ್ರೆ ನೋಡು. ಬೆಳಿಗ್ಗೆ ಎಂಟಕ್ಕೇ ಹೋಗಿ ಸ್ಯಾಂಪಲ್ ಕಲೆಕ್ಷನ್ ಎದುರಿನ ಬೆಂಚಿನಲ್ಲಿ ಸುಮ್ನೆ ಒಂದು ಗಂಟೆ ಕೂತುಕೋ. ಎಷ್ಟು ಜನ ಬರುತ್ತಾರೆ, ವಿದ್ಯಾರ್ಥಿಗಳು ರಕ್ತ ತೆಗೆಯುತ್ತಿದ್ದಾರಾ ಅಥವಾ ಗೋಡೆಗೆ ಒರಗಿ ನಿಂತಿದ್ದಾರಾ ನೋಡು. ಅಲ್ಲಿಯ ಮೂರನೇ ವರ್ಷದ ಹುಡುಗಿಯೊಬ್ಬಳನ್ನು ಹಿಡಿದು ಕೇಳು: ನಿಮ್ಮಲ್ಲಿ ಬ್ಲಡ್ ಬ್ಯಾಂಕ್ ಇದೆಯಾ, ರೋಗಾಣು ಬೆಳೆಸಿ ನೋಡುವ ಕಲ್ಚರ್ ನೀವೇ ಹಾಕುತ್ತೀರಾ, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ? ಹತ್ತು ಜನಕ್ಕೆ ಒಂದು ಅಂದರೆ ಎದ್ದು ಬಾ. ಫೀಸು ಎಷ್ಟೇ ಕಮ್ಮಿ ಇದ್ದರೂ ಬೇಡ.

ಡಿಪ್ಲೊಮಾ ಸಾಕಲ್ವಾ ಅಂತ ನಿನ್ನಮ್ಮ ಕೇಳಿದಳಂತೆ. ನಾನು ಮಾಡಿದ್ದೂ ಡಿಪ್ಲೊಮಾನೇ, ಅದರಿಂದಲೇ ಅನ್ನ ತಿಂದೆ. ಆದರೆ ಕಾಲ ಬದಲಾಗಿದೆ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆಂದೇ ಕೇಂದ್ರದ ಕಾಯ್ದೆ ಬಂತು. ನಮ್ಮ ಕೆಲಸಕ್ಕೂ ಅದರಲ್ಲಿ ಜಾಗ ಇದೆ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಡಿಗ್ರಿ ಬೇಕು ಅನ್ನುತ್ತದೆ ಅದು. 2,000 ಗಂಟೆಯ ಡಿಪ್ಲೊಮಾದವರು ಬೇರೆ ಸಾಲು. ನಿನಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇದೆ, ಡಿಗ್ರಿಗೇ ಹೋಗು. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆ ಅಂತ ಬೋರ್ಡಿನಲ್ಲಿ ಬರೆದಿದ್ದರೆ ಅಷ್ಟಕ್ಕೇ ನಂಬಬೇಡ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರಿನ ಮುಂದೆ ಈ ಕೋರ್ಸ್ ಇದೆಯಾ ಅಂತ ನೀನೇ ಕಣ್ಣಾರೆ ನೋಡು. ಕೊನೆಯ ವರ್ಷದ ಇಂಟರ್ನ್‌ಶಿಪ್ ಅನ್ನು ಬಿಟ್ಟಿ ಚಾಕರಿ ಅಂತ ಬೈಯುವವರು ಸಿಗುತ್ತಾರೆ. ನೀನು ನಿಜವಾಗಿ ಕಲಿಯುವುದು ಆ ವರ್ಷವೇ. ರಾತ್ರಿ ಪಾಳಿ ಕೇಳಿ ಹಾಕಿಸಿಕೋ. ಎರಡು ಗಂಟೆ ರಾತ್ರಿಯಲ್ಲಿ ಕೇಳಲು ಯಾರೂ ಇರುವುದಿಲ್ಲ, ಆಗ ತಲೆ ಓಡುತ್ತದೆ.

ಮೈಕ್ರೋಸ್ಕೋಪ್ ಬಿಡಬೇಡ ಪುಟ್ಟಿ. ಈಗ ಸೆಲ್ ಕೌಂಟರ್ ಒಂದು ನಿಮಿಷದಲ್ಲಿ ಇಡೀ ಕೌಂಟ್ ಕೊಡುತ್ತದೆ, ಸ್ಲೈಡಿನ ಮೇಲೆ ರಕ್ತ ತೆಳುವಾಗಿ ಎಳೆದು ನೋಡುವ ಸ್ಮಿಯರ್ ಯಾಕೆ ಅನ್ನುತ್ತಾರೆ ಹುಡುಗರು. ಡೆಂಗಿ ಸೀಸನ್ನಿನಲ್ಲಿ ಒಬ್ಬ ತಾಯಿ ಮಗನ ರಿಪೋರ್ಟ್ ಹಿಡಿದು ಅಳುತ್ತಾ ಬಂದಿದ್ದಳು. ಹೊರಗಿನ ಲ್ಯಾಬೊಂದರಲ್ಲಿ ಪ್ಲೇಟ್‌ಲೆಟ್ 22,000 ಅಂತ ಕೊಟ್ಟಿದ್ದರು. ಹುಡುಗ ಆರಾಮಾಗಿ ಬಿಸ್ಕತ್ತು ತಿನ್ನುತ್ತಿದ್ದ. ನಮ್ಮ ಕೌಂಟರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಂತು. ಸ್ಮಿಯರ್ ಎಳೆದು, ಲೀಶ್ಮನ್ ಸ್ಟೇನಿನ ಬಣ್ಣ ಹಾಕಿ ನೋಡಿದೆ. ಸ್ಲೈಡಿನ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಜೇನುಹುಳದ ಹಾಗೆ ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಕೆಲವರ ರಕ್ತ ಇಡಿಟಿಎಯಲ್ಲಿ ಹಾಗೆ ಮಾಡುತ್ತದೆ. ಆ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಸಿಟ್ರೇಟ್ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದ ಲೆಕ್ಕವನ್ನು 1.1ರಿಂದ ಗುಣಿಸಿದೆ. ಒಂದೂವರೆ ಲಕ್ಷದ ಮೇಲಿತ್ತು. ಆ ತಾಯಿ ನನ್ನ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಬ್ಲಡ್ ಬ್ಯಾಂಕಿನಲ್ಲೂ ಹೀಗೇ. ‘ಓ’ ಅಂತ ಬಂದ ಗುಂಪನ್ನು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕಡೆಯಿಂದಲೂ ನೋಡದೆ ಬರೆಯಬೇಡ. ಸೀರಂ ‘ಓ’ ಕಣಗಳನ್ನೂ ಒಂದಕ್ಕೊಂದು ಅಂಟಿಸಿ ಗುಂಪು ಮಾಡಿದರೆ ಅಲ್ಲೇ ನಿಲ್ಲು, ಅದು ಬಾಂಬೆ ಗುಂಪು ಇರಬಹುದು. 1952ರಲ್ಲಿ ಬಾಂಬೆಯ ಡಾ. ಭೆಂಡೆ ಮತ್ತು ಅವರ ಜೊತೆಗಾರರು ಇದನ್ನು ಲೋಕಕ್ಕೆ ತಿಳಿಸಿದರು. ಅಂಥವರಿಗೆ ಮಾಮೂಲಿ ‘ಓ’ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ.

ಕೆಲಸಕ್ಕೆ ಸೇರಿದ ಮೇಲೆ ನಿನ್ನನ್ನು ಕೆಡಿಸಲು ನೋಡುವವರು ಇರುತ್ತಾರೆ. ಯಂತ್ರ ಸರಿಯಿದೆಯಾ ಅಂತ ನೋಡಲು ಬೆಳಿಗ್ಗೆ ಹಾಕುವ ಕಂಟ್ರೋಲ್ ಸರಿ ಬರದಿದ್ದರೆ, ಸರಿ ಬರುವ ತನಕ ಓಡಿಸು, ಕೊನೆಯದನ್ನು ಮಾತ್ರ ಚಾರ್ಟಿನಲ್ಲಿ ಬರೆ ಅನ್ನುತ್ತಾರೆ. ಬರೆಯಬೇಡ. ಯಾಕೆ ತಪ್ಪಿತು ಅಂತ ಹುಡುಕಿ, ಅದನ್ನೂ ಬರೆದಿಡು. ಡಾಕ್ಟರು ಊರಲ್ಲಿಲ್ಲ, ರಿಪೋರ್ಟಿಗೆ ನೀನೇ ಸಹಿ ಹಾಕು ಅಂತಲೂ ಹೇಳುತ್ತಾರೆ. ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ವೈದ್ಯರೇ ಸಹಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಸಣ್ಣ ಲ್ಯಾಬುಗಳಲ್ಲಿ ಶುರುವಿನ ಸಂಬಳವೂ ಕಮ್ಮಿ, ಅದನ್ನು ಮುಚ್ಚಿಡುವುದಿಲ್ಲ. ಎಂಎಸ್ಸಿ ಮಾಡಿದರೆ, ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಮಾನ್ಯತೆ ಇರುವ ದೊಡ್ಡ ಲ್ಯಾಬಿಗೆ ಹೋದರೆ ದಾರಿ ತೆರೆಯುತ್ತದೆ. ಮಂಗಳೂರು, ಉಡುಪಿ ಕಡೆಯವರು ಎಷ್ಟು ಜನ ಗಲ್ಫ್ ಲ್ಯಾಬುಗಳಲ್ಲಿದ್ದಾರೆ! ಅಲ್ಲಿಗೆ ಹೋಗಲು ಡೇಟಾಫ್ಲೋ ಕಂಪನಿಯವರು ನಿನ್ನ ಒಂದೊಂದು ಸರ್ಟಿಫಿಕೇಟನ್ನೂ ಕಾಲೇಜಿಗೇ ಕಳಿಸಿ ತಾಳೆ ನೋಡುತ್ತಾರೆ. ಇಂಟರ್ನ್‌ಶಿಪ್ ಪತ್ರ, ಪೋಸ್ಟಿಂಗ್ ಡೈರಿ ಏನನ್ನೂ ಕಳೆಯಬೇಡ.

ಇನ್ನೊಂದು ವಿಷಯ, ಲಸಿಕೆಯದು, ಇದು ಈ ವಾರವೇ ಆಗಬೇಕು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗೊತ್ತಾದ ಮೇಲೆ, ಆ ವೈರಸ್ ಪರೀಕ್ಷೆ ಮಾಡುತ್ತಿದ್ದ ಲ್ಯಾಬಿನವರಿಗೂ ಅದು ತಗಲಿದ್ದುಂಟು. ನಮ್ಮ ಕೆಲಸದಲ್ಲಿ ಆ ಭಯ ಇದ್ದೇ ಇದೆ. ಸೂಜಿ ಚುಚ್ಚಿಕೊಂಡರೆ ನಾಚಿಕೆಪಟ್ಟು ಸುಮ್ಮನಿರಬೇಡ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಮಗುವಾಗಿದ್ದಾಗ ಹಾಕಿಸಿದ್ದಾರಾ ಅಂತ ಅಮ್ಮನ ಹತ್ತಿರ ಇರುವ ಲಸಿಕೆ ಕಾರ್ಡ್ ನೋಡು. ಹಾಕಿಸಿಲ್ಲ ಅಂದರೆ ಮೊದಲ ಡೋಸ್ ಈಗಲೇ ಹಾಕಿಸಿಕೋ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಕಾಲೇಜು ಶುರುವಾಗುವ ಹೊತ್ತಿಗೆ ಎರಡಾದರೂ ಆಗಿರುತ್ತದೆ.

ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಭಾನುವಾರ ಬೆಳಗಿನ ಬಸ್ಸಿಗೆ ಬಾ. ನನ್ನ ಹಳೇ ಸ್ಲೈಡುಗಳ ಪೆಟ್ಟಿಗೆ ಅಟ್ಟದಿಂದ ಇಳಿಸಿ ಇಟ್ಟಿದ್ದೇನೆ.

ನಿನ್ನ ಅತ್ತೆ