ಉತ್ತರ ಸೆಂಟಿನೆಲ್ ದ್ವೀಪದವರ ಪರವಾಗಿ ಗೃಹ ಸಚಿವರಿಗೆ ಒಂದು ಪತ್ರ

ಮಾನ್ಯ ಕೇಂದ್ರ ಗೃಹ ಸಚಿವರೇ,

ನಮಸ್ಕಾರ. ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದ ಬಗ್ಗೆ ಈ ಪತ್ರ. ಹೊರಜಗತ್ತಿನ ಸಂಪರ್ಕವೇ ಬೇಡ ಎಂದು ಒಂದು ಬುಡಕಟ್ಟಿನ ಜನ ಅಲ್ಲಿ ತಮ್ಮ ಪಾಡಿಗೆ ಬದುಕುತ್ತಿದ್ದಾರೆ. ವೀಸಾ ಕೊಡುವ ನಿಯಮ, ಕೇಂದ್ರಾಡಳಿತ ಪ್ರದೇಶಗಳ ಉಸ್ತುವಾರಿ ಎರಡೂ ನಿಮ್ಮ ಸಚಿವಾಲಯದ್ದೇ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

2018ರ ನವೆಂಬರ್‌ನಲ್ಲಿ ಅಮೆರಿಕದ ಜಾನ್ ಅಲೆನ್ ಚೌ ಎಂಬ 26 ವರ್ಷದ ಯುವಕ ಆ ದ್ವೀಪದವರಿಗೆ ಯೇಸುವಿನ ವಿಷಯ ಹೇಳಲು ಹೋಗಿ ಪ್ರಾಣ ಕಳೆದುಕೊಂಡ. ಬಂದದ್ದು ಪ್ರವಾಸಿ ವೀಸಾದಲ್ಲಿ. ಮೀನುಗಾರರಿಗೆ 25,000 ರೂಪಾಯಿ ಕೊಟ್ಟು, ಕತ್ತಲಲ್ಲಿ ದೋಣಿ ಹತ್ತಿ ಹೋದ. ದ್ವೀಪದ ಹುಡುಗನೊಬ್ಬ ಬಿಟ್ಟ ಬಾಣ ಅವನ ಕೈಲಿದ್ದ ಬೈಬಲ್ಲಿಗೆ ನಾಟಿತು ಎಂದು ಅವನೇ ದಿನಚರಿಯಲ್ಲಿ ಬರೆದಿದ್ದಾನೆ. ಆದರೂ ಮರುದಿನ ಮತ್ತೆ ಹೋದ. ಅವನ ಸಾವು ನನಗೂ ನೋವು ತಂದಿದೆ. ಆದರೆ ಬೇಡ ಅನ್ನುವುದನ್ನು ಆ ಜನ ಇನ್ನೂ ಹೇಗೆ ಹೇಳಬೇಕಿತ್ತು?

ಎಲ್ಲರೂ ಬಾಣದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಹೊರಗಿನವರಿಂದ ಆ ಜನರಿಗೆ ತಗಲಬಹುದಾದ ನೆಗಡಿ, ದಡಾರದ ಬಗ್ಗೆ. ಪಕ್ಕದ ದ್ವೀಪಗಳ ಗ್ರೇಟ್ ಅಂಡಮಾನೀಯರ ಕಥೆ ನೋಡಿ. ಬ್ರಿಟಿಷರು ಬಂದಾಗ ಅವರು ಸಾವಿರಾರು ಜನ ಇದ್ದರು. 1863ರಲ್ಲಿ ಹೆನ್ರಿ ಕಾರ್ಬಿನ್ ಎಂಬ ಪಾದ್ರಿಯ ಕೈಗೆ ಅವರನ್ನು ಒಪ್ಪಿಸಿ, ರಾಸ್ ದ್ವೀಪದಲ್ಲಿ ‘ಅಂಡಮಾನ್ ಹೋಮ್’ ತೆರೆದರು. ಉದ್ದೇಶ ಅವರನ್ನು ಸುಧಾರಿಸುವುದು. ಇಂಥ ಹೋಮ್‌ಗಳಲ್ಲಿ ಹುಟ್ಟಿದ ಸುಮಾರು 150 ಮಕ್ಕಳಲ್ಲಿ ಒಂದೂ ಎರಡು ವರ್ಷ ದಾಟಲಿಲ್ಲ. 1877ರಲ್ಲಿ ದಡಾರ ಬಂದು ಇನ್ನಷ್ಟು ಜನರನ್ನು ಕೊಂದಿತು. ಇವತ್ತು ಉಳಿದಿರುವವರು ಐವತ್ತರ ಆಸುಪಾಸು. 1880ರಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಸೆಂಟಿನೆಲ್‌ನಿಂದಲೇ ಆರು ಜನರನ್ನು ಎತ್ತಿಕೊಂಡು ಬಂದ. ವಯಸ್ಸಾದ ಗಂಡ ಹೆಂಡತಿ ಕಾಯಿಲೆ ಬಿದ್ದು ಸತ್ತರು. ಮಕ್ಕಳ ಕೈಗೆ ಉಡುಗೊರೆ ಕೊಟ್ಟು ವಾಪಸ್ ಬಿಟ್ಟು ಬಂದರು. ಆ ಮಕ್ಕಳ ಜೊತೆ ಯಾವ ರೋಗ ಹೋಯಿತೋ ಯಾರೂ ವಿಚಾರಿಸಲಿಲ್ಲ.

ಮತಪ್ರಚಾರಕ್ಕೆ ಹಕ್ಕಿದೆ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ಸಂವಿಧಾನದ 25ನೇ ವಿಧಿ ಆ ಹಕ್ಕನ್ನು ಕೊಡುವಾಗಲೇ ಅದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟಿರಬೇಕು ಎನ್ನುತ್ತದೆ. ಕೇಳಲು ಒಲ್ಲೆ ಎನ್ನುವವರಿಗೂ ಅಷ್ಟೇ ಹಕ್ಕಿದೆ. ಇದು ಕ್ರೈಸ್ತರ ವಿರುದ್ಧದ ಮಾತೂ ಅಲ್ಲ. ನಿಕೋಬಾರಿನಲ್ಲಿ ಕ್ರೈಸ್ತ ಧರ್ಮ ಬೆಳೆದದ್ದು ಅಲ್ಲಿನವರೇ ಆದ ಬಿಷಪ್ ಜಾನ್ ರಿಚರ್ಡ್‌ಸನ್ ಅವರಿಂದ. ಅವರು ಮೊದಲ ಲೋಕಸಭೆಯಲ್ಲೂ ಕೂತಿದ್ದರು. ತಮ್ಮವರ ಮಾತು ಕೇಳಿ, ತಾವೇ ಯೋಚಿಸಿ ಒಪ್ಪಿಕೊಳ್ಳುವುದು ಬೇರೆ. ಕತ್ತಲಲ್ಲಿ ಯಾರೋ ದಡಕ್ಕೆ ಬಂದಿಳಿಯುವುದು ಬೇರೆ.

ಇಂಥ ಬುಡಕಟ್ಟುಗಳ ನೆಲಕ್ಕೆ ಹೊರಗಿನವರು ಹೋಗದಂತೆ ತಡೆಯುವ ಕಾನೂನು ಇದೆ, 1956ರಿಂದಲೇ ಇದೆ. ಆದರೂ ಚೌ ಸಾಯುವ ಕೆಲವೇ ತಿಂಗಳ ಮೊದಲು, ವಿದೇಶಿಯರಿಗಿದ್ದ ವಿಶೇಷ ಪರವಾನಗಿಯ ನಿಯಮವನ್ನು 29 ದ್ವೀಪಗಳಿಗೆ ಸಡಿಲಿಸಲಾಯಿತು. ಆ ಪಟ್ಟಿಯಲ್ಲಿ ಉತ್ತರ ಸೆಂಟಿನೆಲ್ ಹೆಸರೂ ಇತ್ತು! ಬೇರೆ ಅನುಮತಿಗಳು ಬೇಕೇ ಬೇಕಿತ್ತು, ನಿಜ. ಆದರೆ ಆ ಹೆಸರು ಅಲ್ಲಿ ಸೇರಲೇಬಾರದಿತ್ತು. 2025ರ ಮಾರ್ಚ್‌ನಲ್ಲಿ ಇನ್ನೊಬ್ಬ ಅಮೆರಿಕದ ಯುವಕ ಗಾಳಿ ತುಂಬಿದ ದೋಣಿಯಲ್ಲಿ ಹೋಗಿ ದಡದಲ್ಲಿ ಇಳಿದ. ಅವನದು ಮತಪ್ರಚಾರವಲ್ಲ, ಸಾಹಸದ ಹುಚ್ಚು. ಅವನನ್ನು ಹಿಡಿದದ್ದು ವಾಪಸ್ ಬಂದ ಮೇಲೆ.

ಇನ್ನು ಮುಂದೆ ಯಾವ ಪ್ರವಾಸೋದ್ಯಮದ ಸಡಿಲಿಕೆಯಲ್ಲೂ ಈ ದ್ವೀಪ ಸೇರದಂತೆ ಲಿಖಿತ ಆದೇಶ ಮಾಡಿ. ಅಲ್ಲಿನ ಮೀನುಗಾರರ ಜೊತೆ ಕೂತು ಮಾತಾಡಿ. ಅಪರಿಚಿತ ದೋಣಿ ಮೊದಲು ಕಾಣುವುದು ಅವರಿಗೇ. ಸುದ್ದಿ ಕೊಟ್ಟವರಿಗೆ ಬಹುಮಾನ ಕೊಡಿ, ಕಷ್ಟದಲ್ಲಿರುವ ಅವರಿಗೆ 25,000 ಸಣ್ಣ ಮೊತ್ತ ಅಲ್ಲ. ಚೌ ಪ್ರಕರಣದಲ್ಲಿ ಬಂಧನವಾದದ್ದು ದೋಣಿಯವರು ಮತ್ತು ಸ್ಥಳೀಯ ಸಹಾಯಕರು. ಅವನಿಗೆ ತರಬೇತಿ ಕೊಟ್ಟದ್ದು ಅಮೆರಿಕದ ಒಂದು ಮಿಷನರಿ ಸಂಸ್ಥೆ. ಹೊರಜಗತ್ತಿನ ಸಂಪರ್ಕವಿಲ್ಲದ ಜನರ ಬಳಿಗೆ ಹೀಗೆ ಆಳುಗಳನ್ನು ಸಜ್ಜುಗೊಳಿಸುವ ಸಂಸ್ಥೆಗಳವರಿಗೆ ವೀಸಾ ನಿರಾಕರಿಸಿ. ಈ ಮೂರರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ ಎಂದು ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ನಾಗರಿಕ